ಬೀಗತಿಯ ಉಪಚಾರ

ನಮ್ಮ ಕಾಕಾ ನಲವತ್ತು ವರ್ಷ ಗೋವೆಯಲ್ಲಿದ್ದು ಕೊನೆಗೆ ನೆಂಟಸ್ತನ ಬೆಳೆಸಿದ್ದು ಯಾರ ಜೊತೆಗೆ ಗೊತ್ತೇ? ಮೂರು ಪಟ್ಟೆಯವರ ಜೊತೆಗೆ! ಹವಾಲ್ದಾರರಿರಬೇಕೆಂದು ಎದ್ದು ನಿಂತೀರಿ, ಸ್ವಲ್ಪ ತಾಳಿ. ಪಟ್ಟೆ ಇದ್ದದ್ದು ತೋಳಿನ ಮೇಲಲ್ಲ, ಬೆನ್ನಿನ ಮೇಲೆ. ನಾನು ಹೇಳುತ್ತಿರುವುದು ಅಳಿಲುಗಳ ವಿಷಯ. ಕಾಕಾನ ಧಾರವಾಡದ ಬಾಯಲ್ಲಿ ಅವು ‘ಇಣಚಿ’, ಕೆಳಗಿನ ಮನೆಯ ಟೀಚರಬಾಯಿಯ ಕೊಂಕಣಿಯಲ್ಲಿ ‘ಚಾನಿ’, ನನ್ನ ಹೆಂಡತಿಯ ಬಾಯಲ್ಲಿ ಮಾತ್ರ ‘ಕಾಕಾರ ಬೀಗರು’.

ಹೆಂಡತಿ ಚೇಷ್ಟೆ ಮಾಡುತ್ತಿರಲಿಲ್ಲ. ಕಾಕಾನೇ ಹಾಗೆ ಕರೆಯುತ್ತಿದ್ದರು. ನನ್ನ ತಂದೆಯ ತಮ್ಮನಾದ ಅವರು ಮದುವೆಯಾದವರಲ್ಲ. ಮಕ್ಕಳೇ ಇಲ್ಲದ ಮೇಲೆ ಅವರಿಗೆ ಹೆಣ್ಣು ಕೊಟ್ಟವರು, ಗಂಡು ಕೊಟ್ಟವರು ಎಲ್ಲಿಂದ ಬರಬೇಕು?

“ದೇವರು ಹೆಂಡ್ತಿ ಕೊಡಲಿಲ್ಲ, ಹೋಗ್ಲಿ. ಒಂದ್ ನಾಕ್ ಮಂದಿ ಬೀಗರನ್ನರ ಕೊಡಬಾರದಿತ್ತೇನೋ ತಮ್ಮಾ?” ಎಂದು ನನ್ನನ್ನೇ ದೇವರ ಗುಮಾಸ್ತನಂತೆ ಕೇಳುತ್ತಿದ್ದರು.

ಅವರ ದುಃಖಕ್ಕೆ ಕಾರಣವಿತ್ತು. ಕಾಕಾನಿಗೆ ಉಪಚಾರದ ಹುಚ್ಚು. ಹುಚ್ಚು ಎಂಬ ಮಾತು ಸಣ್ಣದಾಯಿತು. ಅದೊಂದು ಕಾಯಿಲೆ, ಮತ್ತು ಅದರಿಂದ ನರಳಬೇಕಾದವರು ಬೇರೆಯವರು. ಮ್ಹಾಪಸಾ ಪೇಟೆಯ ನಮ್ಮ ಕಿರಾಣಿ ಅಂಗಡಿಯಲ್ಲಿ ಗಾದಿಯ ಮೇಲೆ ಕೂತಷ್ಟು ದಿನವೂ ಕೊತ್ತಂಬರಿ ಬೀಜ ಕೇಳಲು ಬಂದವನಿಗೆ ಮೊದಲು ಉಪ್ಪಿಟ್ಟು ಕೊಡುತ್ತಿದ್ದರು. ನಮ್ಮ ಕಡೆ ಊಟಕ್ಕೆ ಕೂತವನು ಮೊದಲ ಸಲ ‘ಒಲ್ಲೆ’ ಎಂದರೆ ಅದು ಮರ್ಯಾದೆ, ಎರಡನೆಯ ಸಲ ಎಂದರೆ ನಾಚಿಕೆ, ಮೂರನೆಯ ಸಲ ಎಂದರೆ ಸಿಟ್ಟು. ಸಿಟ್ಟಾದವನನ್ನು ಸಮಾಧಾನ ಮಾಡಲು ಮತ್ತೆರಡು ಬಡಿಸಬೇಕು. ಹೀಗಾಗಿ ಕಾಕಾನ ಕೈಯಿಂದ ಪಾರಾಗಲು ಭಾಷೆಯಲ್ಲಿ ದಾರಿಯೇ ಇರಲಿಲ್ಲ. ಒಬ್ಬ ಬಿಸ್ಕೀಟು ಏಜೆಂಟನಿಗೆ ಒಂದೇ ಕೂತಿನಲ್ಲಿ ಏಳು ಶೇಂಗಾ ಹೋಳಿಗೆ ತಿನ್ನಿಸಿದ್ದರು. ಆತ ಮುಂದಿನ ತಿಂಗಳೇ ದೂರದ ವೆರ್ಣಾ ಕಡೆಗೆ ಬದಲಿ ಬೇಡಿಕೊಂಡು ಹೋದನಂತೆ!

ಇಂಥವರ ಅಣ್ಣನ ಮಗ ನಾನು. ನನ್ನ ಕಾಯಿಲೆ ಬೇರೆ ತರಹದ್ದು. ಕುಕ್ಕರಿನ ಮೂರನೆಯ ಸೀಟಿ ಕೇಳಿದರೆ ನಾಲ್ಕನೆಯದು ಬರದಿದ್ದರೇನು ಗತಿ ಎಂದು ಚಿಂತಿಸುತ್ತೇನೆ. ನಾಲ್ಕನೆಯದು ಬಂದರೆ ಐದನೆಯದು ಬಂದೀತೇನೋ ಎಂದು. ಮಾಂಡವಿ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯ ಗಾಜು ಎಷ್ಟು ತೆರೆದಿದೆ, ಅದರಲ್ಲಿ ನನ್ನ ಹೊಟ್ಟೆ ತೂರುತ್ತದೆಯೇ ಎಂದು ಅಳೆಯುತ್ತೇನೆ. ತೂರುವುದಿಲ್ಲ. ಅದೂ ಒಂದು ಚಿಂತೆ.

ಹೊಸ ಶತಮಾನ ಹುಟ್ಟಿ ಮೂರ್ನಾಲ್ಕು ವರ್ಷವಾಗಿರಬೇಕು, ನಾವು ಮ್ಹಾಪಸಾದ ಅಂಗಡಿ ಹಿಂದಿನ ಕೋಣೆಗಳನ್ನು ಬಿಟ್ಟು ಪರ್ವರಿಯ ಫ್ಲ್ಯಾಟಿಗೆ ಬಂದೆವು. ಕಾಕಾ ಗಾದಿ ನನಗೆ ಬಿಟ್ಟು ನಿವೃತ್ತರಾದರು. ಆಗ ಪರ್ವರಿಯಲ್ಲಿ ದಿನಕ್ಕೊಂದು ಗುಡ್ಡ ಸಪಾಟಾಗುತ್ತಿತ್ತು. ಮುಂಜಾನೆ ಗೇರುಮರಗಳಿದ್ದ ಕಡೆ ಸಂಜೆ ಕೆಂಪು ಮಣ್ಣು. ಒಂದು ವಾರ ಬಿಟ್ಟು ನೋಡಿದರೆ ನಮ್ಮ ವಿಜಾಪುರ ಕಡೆಯ ಜನ ತಲೆಯ ಮೇಲೆ ಸಿಮೆಂಟು ಬುಟ್ಟಿ ಹೊತ್ತು ಏಣಿ ಹತ್ತುತ್ತಿರುತ್ತಿದ್ದರು. ನಮ್ಮ ಕಟ್ಟಡದ ಹಿಂದೆ ಉಳಿದದ್ದು ಒಂದೇ ಒಂದು ಮಾವಿನಮರ. ಆ ಗುಡ್ಡದ ಅಳಿಲುಗಳೆಲ್ಲ ಅದೊಂದೇ ಮರದಲ್ಲಿ ಬಿಡಾರ ಹೂಡಿದ್ದವು. ಅದರ ಒಂದು ಕೊಂಬೆ ಎರಡನೆಯ ಮಹಡಿಯ ನಮ್ಮ ಬಾಲ್ಕನಿಗೆ ಒಂದು ಮೊಳ ದೂರದಲ್ಲಿ ಬಂದು ನಿಂತಿತ್ತು.

ಬಂದ ಮೂರನೆಯ ದಿನ ಕಾಕಾ ಬಾಲ್ಕನಿಯಲ್ಲಿ ಕೂತು ಶೇಂಗಾ ತಿನ್ನುತ್ತಿದ್ದರು. ಬಾಲ ಅರ್ಧ ತುಂಡಾಗಿದ್ದ ಒಂದು ಹೆಣ್ಣು ಅಳಿಲು ಕೊಂಬೆಯ ತುದಿಯಲ್ಲಿ ಬಂದು ಕೂತಿತು. ಕಾಕಾ ಒಂದು ಶೇಂಗಾ ಕಾಯಿ ಒಗೆದರು. ತಿಂದಿತು. ಇನ್ನೊಂದು ಒಗೆದರು. ತಿಂದಿತು. ಮೂರು, ನಾಲ್ಕು, ಐದು. ಒಮ್ಮೆಯೂ ‘ಒಲ್ಲೆ’ ಎನ್ನಲಿಲ್ಲ! ಕಾಕಾನ ಎಪ್ಪತ್ತು ವರ್ಷದ ಜೀವನದಲ್ಲಿ ಇಂಥ ಅತಿಥಿ ಸಿಕ್ಕಿರಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಒಳಗೆ ಬಂದರು.

“ತಮ್ಮಾ, ಬೀಗತಿ ಬಂದಾಳೋ!”

“ಯಾರ ಬೀಗತಿ?”

“ನನ್ನಾಕಿ. ಅವ್ರ ಮನಿ ಕಿತ್ತು ನಾವು ಮನಿ ಕಟ್ಟೇವಿ. ಅಂದ ಮ್ಯಾಲ ಸಂಬಂಧ ಆತಿಲ್ಲೋ?”

ಹೀಗೆ ಹೇಳಿ ಇನ್ನೊಂದು ಮುಷ್ಟಿ ಶೇಂಗಾ ತುಂಬಿಕೊಂಡು ಬಾಲ್ಕನಿಗೆ ಓಡಿದರು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಮುಂದಿನದನ್ನು ಕೆಡಿಸಿದ್ದು ನಾನು. ಮರುದಿನ ನಾನೂ ಹೋಗಿ ನೋಡಿದೆ. ಬೀಗತಿ ಎರಡೂ ಕೈಯಲ್ಲಿ ಕಾಯಿ ಹಿಡಿದು, ತಿರುತಿರುಗಿಸಿ, ಕಟಕಟ ಕಡಿದು, ಸಿಪ್ಪೆ ಹಾರಿಸುತ್ತಿದ್ದಳು. ಸುಂದರವಾಗಿಯೇ ಇತ್ತು. ಆದರೆ ಸುಂದರವಾದದ್ದನ್ನು ನೋಡಿದರೆ ನನಗೆ ಅದು ಹೇಗೆ ಕೆಡಬಹುದು ಎಂಬ ಯೋಚನೆಯೇ ಮೊದಲು ಬರುವುದು. ಆ ಚೂಪು ಸಿಪ್ಪೆಯ ಚೂರು ಗಂಟಲಿಗೆ ಸಿಕ್ಕಿಕೊಂಡರೆ? ಅಳಿಲಿನ ಬೆನ್ನು ಗುದ್ದುವವರು ಯಾರು?

“ಕಾಕಾ, ಸಿಪ್ಪಿ ಗಂಟಲದಾಗ ಸಿಕ್ಕೊಂಡೀತು ನೋಡ್ರಿ. ಬಿಡಿಸಿ ಕೊಟ್ರ ಚಲೋ.”

ಕಾಕಾ ಹಣೆ ಬಡಿದುಕೊಂಡರು. “ಥೂ ನನ್ನ! ಬೀಗರ ಎಲಿಗೆ ಸಿಪ್ಪೀಸಹಿತ ಬಡಸೀನಲ್ಲೋ! ನಮ್ಮವ್ವ ಇದ್ದಿದ್ರ ಸೌಟಿಲೆ ಹೊಡೀತಿದ್ಲು.”

ಅಂದಿನಿಂದ ಸಿಪ್ಪೆ ಬಿಡಿಸುವ ಕೆಲಸ ಶುರುವಾಯಿತು. ಒಂದು ವಾರದಲ್ಲಿ ಒಳಗಿನ ಕೆಂಪು ಪರೆಯೂ ಅತಿಥಿಗೆ ಅವಮಾನ ಅನ್ನಿಸಿತು. ಹುರಿದು, ತಿಕ್ಕಿ, ಊದಿ ತೆಗೆದರು. ಮತ್ತೊಂದು ವಾರಕ್ಕೆ ಕಾಳನ್ನು ಎರಡು ಹೋಳು ಮಾಡಿದರು. ಆಮೇಲೆ ಪುಡಿ. ಆಮೇಲೆ ಪುಡಿಗೆ ಬೆಲ್ಲ. ಬೆಲ್ಲವಿದ್ದ ಮೇಲೆ ತುಪ್ಪ ಬೇಡವೇ? ಮುಂಜಾನೆ ಹಾಲಲ್ಲಿ ನೆನೆಸಿದ ಪಾವು ಬ್ರೆಡ್ಡು, ಸಂಜೆ ರವೆಯ ಶಿರಾ, ಏಕಾದಶಿಗೆ ಸಾಬೂದಾಣಿ!

ಬೀಗತಿ ಬರುವಾಗ ಒಬ್ಬಳೇ ಬರುವುದುಂಟೇ? ತಂಗಿ, ಅತ್ತಿಗೆ, ಮಕ್ಕಳು, ಮರಿಗಳು. ಎರಡು ವರ್ಷದಲ್ಲಿ ಒಂಬತ್ತು ಹತ್ತು ಮಂದಿಯ ಪಂಕ್ತಿಯಾಯಿತು. ಅವುಗಳ ಚೆಹರೆಯೂ ಬದಲಾಯಿತು. ಮೊದಲು ಆ ಒಂದು ಮೊಳವನ್ನು ಗಾಳಿಯಂತೆ ಹಾರಿ ಬರುತ್ತಿದ್ದವು. ಈಗ ಕೊಂಬೆಯ ತುದಿಯಲ್ಲಿ ನಿಂತು, ಹೊಟ್ಟೆ ಸರಿಪಡಿಸಿಕೊಂಡು, ಕೆಳಗೆ ನೋಡಿ, ವಿಚಾರ ಬದಲಿಸಿ, ಮರ ಇಳಿದು, ನೀರಿನ ಪೈಪು ಹಿಡಿದು ನಿಧಾನವಾಗಿ ಏರಿ ಬರುತ್ತಿದ್ದವು. ಮೂರನೆಯ ಮಹಡಿಗೆ ಹೋಗುವ ಪಿಂಚಣಿದಾರರು ನೆನಪಾಗುತ್ತಿದ್ದರು.

“ಏನ್ರಿ, ನಿಮ್ಮ ಬೀಗರಿಗೆ ಒಂದ್ ಲಿಫ್ಟ್ ಹಾಕಸ್ರಿ” ಎಂದಳು ಹೆಂಡತಿ.

“ನನ್ನ ಬೀಗರಲ್ಲ ಅವು, ಕಾಕಾರವು.”

“ಕಾಕಾರದು ಉಪಚಾರ, ನಿಮ್ಮದು ಹೊಟ್ಟಿ. ನೋಡಿದವರು ನಿಮ್ಮ ಮನೆತನದವು ಅಂತಾರ.”

ಹೆದರಿಕೆ ಎಂಬುದು ಅವುಗಳಿಗೆ ಸಂಪೂರ್ಣ ಬಿಟ್ಟುಹೋಯಿತು. ಜಗತ್ತಿನ ಹೆದರಿಕೆಯನ್ನೆಲ್ಲ ನಾನೊಬ್ಬನೇ ಗುತ್ತಿಗೆ ಹಿಡಿದಿರುವಾಗ ಅವಕ್ಕೆ ಉಳಿಯುವುದಾದರೂ ಎಲ್ಲಿಂದ? ಅಡುಗೆಮನೆಗೆ ಬಂದು ಹಿಟ್ಟಿನ ಡಬ್ಬಿಯ ಮೇಲೆ ಕೂರುತ್ತಿದ್ದವು. ಟೀಚರಬಾಯಿಯ ಬೆಕ್ಕು ಮರದ ಬುಡದಲ್ಲಿ ಹೊಂಚಿ ಕೂತರೆ, ಒಂದು ಎಳೆಯ ಅಳಿಲು ಅದರ ಎದುರಿಗೇ ಹೋಗಿ ಕೂತು ಮೂಗು ಅಲ್ಲಾಡಿಸಿತಂತೆ, ಏನು ಬಡಿಸುತ್ತೀ ಎಂಬಂತೆ. ಮೊದಲ ದಿನ ಬೆಕ್ಕಿಗೇ ಗಾಬರಿಯಾಗಿ ಓಡಿಹೋಯಿತು. ಎರಡನೆಯ ದಿನ ಓಡಲಿಲ್ಲ.

ಟೀಚರಬಾಯಿ ಮೇಲೆ ಬಂದು ಬಾಗಿಲಲ್ಲಿ ನಿಂತು ಅತ್ತರು. ಕೊಂಕಣಿಯಲ್ಲಿ ಬೆಕ್ಕಿಗೂ ಬೈದರು, ನಮಗೂ ಬೈದರು. “ಬೆಕ್ಕು ಬೆಕ್ಕಿನ ಹಾಗೇ ಇದೆಯಲ್ಲಪ್ಪಾ. ಚಾನಿ ಯಾಕೆ ಚಾನಿಯ ಹಾಗಿಲ್ಲ? ನೀವು ಏನು ಮಾಡಿಟ್ಟಿರಿ ಅದಕ್ಕೆ?” ಎಂದು ಕೇಳಿದರು.

ಕಾಕಾ ಅವರಿಗೆ ಶಿರಾ ಕೊಟ್ಟರು.

ಅದಾದ ಕೆಲವು ತಿಂಗಳಿಗೆ ಬೀಗತಿ ಊಟ ಬಿಟ್ಟಳು. ಬರುತ್ತಿದ್ದಳು, ತಟ್ಟೆಯ ಹತ್ತಿರ ಕೂರುತ್ತಿದ್ದಳು, ಪುಡಿಗೆ ಬಾಯಿ ಹಾಕುತ್ತಿದ್ದಳು, ಅರ್ಧ ಉದುರುತ್ತಿತ್ತು. ಆಮೇಲಾಮೇಲೆ ಮೂಸಿ ನೋಡಿ ಸುಮ್ಮನೆ ಕೂತುಬಿಡುತ್ತಿದ್ದಳು.

ಬೀಗರು ಉಣ್ಣದೆ ಕೂತರೆ ಅರ್ಥವೇನು? ನಮ್ಮ ಕಡೆ ಸಣ್ಣ ಕೂಸಿಗೂ ಗೊತ್ತು: ಮುನಿಸು! ಹೋಳಿಗೆ ದಪ್ಪವಾಯಿತೆಂದು, ಮೊದಲು ನೀರು ಕೊಟ್ಟದ್ದು ತಮಗಲ್ಲವೆಂದು, ಎಂದೋ ಯಾರೋ ಆಡಿದ ಮಾತಿಗೆಂದು ಬೀಗರು ಎಲೆಯ ಮುಂದೆ ಕೈಕಟ್ಟಿ ಕೂರುತ್ತಾರೆ. ಆಗ ತಪ್ಪು ಯಾರದೆಂದು ಕೇಳುವಂತಿಲ್ಲ. ಇನ್ನಷ್ಟು ಮೆತ್ತಗಿನದು, ಇನ್ನಷ್ಟು ಸಿಹಿಯಾದದ್ದು ಮಾಡಿ, ಕೈಮುಗಿದು ಒಪ್ಪಿಸಬೇಕು. ಕಾಕಾ ಅದನ್ನೇ ಮಾಡಿದರು. ಪುಡಿಯನ್ನು ಜರಡಿ ಹಿಡಿದರು. ಪಾವಿನ ಅಂಚು ಕತ್ತರಿಸಿದರು. ಹೂರಣವನ್ನು ಹಾಲಲ್ಲಿ ಕದಡಿ ಗಂಜಿ ಮಾಡಿದರು. ತಟ್ಟೆಯ ಮುಂದೆ ಮಂಡಿಯೂರಿ ಕೂತು ಗಂಟೆಗಟ್ಟಲೆ ಬೇಡಿಕೊಂಡರು.

“ಏನ್ ತಪ್ಪಾತ್ರಿ ಬೀಗತಿ? ಬಾಯಿ ಬಿಟ್ಟು ಹೇಳ್ರಲಾ. ನಮ್ಮ ಹುಡುಗಾ ಏನರ ಅಂದನೇನು? ಅವಂದು ಮನಸ್ಸಿಗೆ ಹಚಗೋಬ್ಯಾಡ್ರಿ, ಅವಾ ಅಂಜುಬುರುಕ. ಒಂದ್ ತುತ್ತು. ನನ್ನಾಣಿ ಐತಿ ನಿಮಗ.”

ಬೀಗತಿ ಕಣ್ಣು ಮಿಟುಕಿಸಿದಳು. ದುಂಡಗಿದ್ದವಳ ಬೆನ್ನೆಲುಬು ಪಟ್ಟೆಗಳ ನಡುವೆ ಕಾಣತೊಡಗಿತ್ತು.

ಅವಳು ಉಣ್ಣುವತನಕ ತಾನೂ ಉಣ್ಣುವುದಿಲ್ಲ ಎಂದು ಕಾಕಾ ಹಟ ಹಿಡಿದರು. ಬೀಗರು ಹಸಿದು ಕೂತಿರುವಾಗ ಮನೆಯ ಯಜಮಾನ ಹೇಗೆ ಉಂಡಾನು? ಈಗ ನನಗೆ ಎರಡೆರಡು ಚಿಂತೆ. ಬಿ.ಪಿ. ಗುಳಿಗೆ ನುಂಗುವ ಎಪ್ಪತ್ಮೂರರ ಮನುಷ್ಯ ಚಹಾದ ಮೇಲೆ ಎರಡು ದಿನ ಕಳೆದರು. ಮೂರನೆಯ ದಿನ ಹೆಂಡತಿ ತರಕಾರಿ ಬುಟ್ಟಿ ತಂದು ನನ್ನ ಮುಂದೆ ಇಟ್ಟಳು. “ಹಿಡೀರಿ ಅದನ್ನ. ಡಾಕ್ಟರ ಕಡೆ ಒಯ್ಯಿರಿ. ಒಂದ್ ಇಣಚಿ ಹೋದ್ರ ಹೋಗ್ಲಿ, ಮುದುಕರು ಉಳೀಲಿ.”

ಕಾಡಿನ ಅಳಿಲನ್ನು ಹಿಡಿಯುವುದು ಹೇಗೆ? ಬಲೆ, ಬೋನು, ಏಣಿ ಎಂದು ನಾನು ಯೋಚಿಸುತ್ತಿರುವಾಗಲೇ ಬೀಗತಿ ತಾನಾಗಿ ನಡೆದು ಬಂದು ಬುಟ್ಟಿಯಲ್ಲಿ ಕೂತಳು. ಅದನ್ನು ನೋಡಿ ನಗು ಬರಬೇಕಿತ್ತು. ಬರಲಿಲ್ಲ. ಬುಟ್ಟಿಯ ಮೇಲೆ ಮೆಲ್ಲಗೆ ಬಟ್ಟೆ ಮುಚ್ಚಿದೆ.

ಬಸ್ಸಿನಲ್ಲಿ ಮ್ಹಾಪಸಾಕ್ಕೆ ಹೊರಟೆವು. ಬುಟ್ಟಿಯಲ್ಲಿ ಏನಿದೆ ಎಂದು ಕಂಡಕ್ಟರ್ ಕೇಳಿದ. “ನಮ್ಮ ಬೀಗತಿ ಅದಾಳ್ರಿ, ಆರಾಮಿಲ್ಲ” ಎಂದರು ಕಾಕಾ. ಆತ ಬಟ್ಟೆ ಸರಿಸಿ ನೋಡಿದ, ಕಾಕಾನ ಮುಖ ನೋಡಿದ, ಆಮೇಲೆ ಮುಂದಿನ ಹೆಂಗಸರ ಸೀಟು ಖಾಲಿ ಮಾಡಿಸಿಕೊಟ್ಟ.

ದನಕರುಗಳ ಡಾಕ್ಟರು ಬೆಳಗಾವಿ ಕಡೆಯ ಹೆಣ್ಣುಮಗಳು. ಬೀಗತಿಯ ತುಟಿಯನ್ನು ಬೆರಳಿನಿಂದ ಎತ್ತಿದರು. ನಾನೂ ಬಗ್ಗಿ ನೋಡಿದೆ. ನೋಡಬಾರದಿತ್ತು. ಕೆಳಗಿನ ಎರಡು ಹಲ್ಲು ಉಗುರಿನಂತೆ ಬೆಳೆದು, ಬಾಗಿ, ಬಾಯಿಯ ಮೇಲ್ಭಾಗಕ್ಕೇ ನಾಟಿದ್ದವು. ಅಲ್ಲಿ ಕೀವಾಗಿತ್ತು.

“ಏನ್ ತಿನ್ನಸ್ತೀರಿ ಇದಕ್ಕ?”

ಕಾಕಾ ಅಭಿಮಾನದಿಂದ ಪಟ್ಟಿ ಒಪ್ಪಿಸಿದರು. “ಮುಂಜಾನೆ ಹಾಲಾಗ ನೆನಸಿದ ಪಾವ್ರಿ. ಮಧ್ಯಾಹ್ನ ಶೇಂಗಾ ಪುಡಿ, ಬೆಲ್ಲ, ಒಂದ್ ಹನಿ ತುಪ್ಪ. ಸಂಜೀಕ ಶಿರಾ. ಹಬ್ಬ ಇದ್ರ ಹೂರಣ.”

“ಸಿಪ್ಪಿ ಇದ್ದದ್ದು ಏನೂ ಇಲ್ಲ?”

“ಛೇ, ಛೇ! ಬೀಗರಿಗೆ ಸಿಪ್ಪಿ ಕೊಡ್ತಾರೇನ್ರಿ? ನಾನ ಕೈಯಾರೆ ಬಿಡಸ್ತೇನಿ. ಪರೆ ಸುದ್ದಾ ಉಳಸೂದಿಲ್ಲ.”

ಡಾಕ್ಟರು ಬೀಗತಿಯ ತುಟಿ ಬಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. “ಅಜ್ಜಾರ, ಇದರ ಹಲ್ಲು ಸಾಯೂತನಾ ಬೆಳೀತನ ಇರ್ತಾವ. ದಿನಾ ಗಟ್ಟಿ ಇದ್ದದ್ದು ಕಡದು ಕಡದು ಸವಸಬೇಕು. ಸಿಪ್ಪಿ, ತೊಗಟಿ, ಗೊರಟ ಎಲ್ಲಾ ಅದಕ್ಕ ಬೇಕು. ನೀವು ಕಡಿಯೂ ಕೆಲಸಾನ ಇಡಲಿಲ್ಲ. ಇದು ಮುನಿಸಲ್ರಿ. ಇದಕ್ಕ ಬಾಯಿ ಮುಚ್ಚಾಕ ಬರವಲ್ದು.”

ಕಾಕಾ ಮೇಜಿನ ಅಂಚು ಹಿಡಿದುಕೊಂಡರು.

“ಸಿಪ್ಪಿ ತಗದು ಕೊಡ್ರಿ ಅಂತ ನಿಮಗ ಹೇಳಿದವರ ಯಾರು?” ಡಾಕ್ಟರ ದನಿಯಲ್ಲಿ ಈಗ ಸ್ವಲ್ಪ ಸಿಟ್ಟಿತ್ತು.

ನಾನು ನೆಲ ನೋಡಿದೆ. ಸಿಮೆಂಟಿನ ನೆಲ, ಮೂಲೆಯಲ್ಲಿ ಒಂದು ಬಿರುಕು. ಆ ಬಿರುಕು ಇನ್ನಷ್ಟು ಬಾಯಿ ಬಿಟ್ಟು ನನ್ನನ್ನು ಒಳಗೆ ಕರೆದುಕೊಳ್ಳಬಾರದೇ ಎನ್ನಿಸಿತು.

“ಯಾರೂ ಇಲ್ರಿ” ಎಂದರು ಕಾಕಾ. “ನಂದ ಬುದ್ಧಿ. ಇವಾ ಪಾಪ ಬ್ಯಾಡ ಬ್ಯಾಡ ಅಂತಿದ್ದ.”

ಬದುಕಿನಲ್ಲಿ ಸಾವಿರ ಸಂಗತಿಗಳಿಗೆ ಹೆದರಿದ್ದೇನೆ. ಒಂದೂ ನಿಜವಾಗಿರಲಿಲ್ಲ. ಕೊನೆಗೆ ನಿಜವಾದ ಒಂದೇ ಒಂದು ಕೇಡು ನಾನು ಹೆದರಿದ್ದರಿಂದಲೇ ಆಯಿತು! ಇದಕ್ಕಿಂತ ಹೀನವಾದ ಚಿಂತಾಮಣಿ ಈ ಭೂಮಿಯ ಮೇಲೆ ಇದ್ದಾನೆಯೇ? ಇದ್ದರೆ ದಯವಿಟ್ಟು ಭೇಟಿ ಮಾಡಿಸಿ, ಜೊತೆಗೆ ಕೂತು ಅಳುತ್ತೇವೆ.

ಡಾಕ್ಟರು ಹಲ್ಲು ಕತ್ತರಿಸಿ, ಹುಣ್ಣಿಗೆ ಔಷಧಿ ಹಚ್ಚಿ, ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಬಾಲ್ಕನಿಯ ಬಾಗಿಲು ಮುಚ್ಚಬೇಕು. ಮೆತ್ತಗಿನದು ಒಂದು ಅಗುಳೂ ಬೀಳಬಾರದು. ಸಿಪ್ಪೆಸಹಿತ ನಾಲ್ಕು ಶೇಂಗಾ ಕಾಯಿ ಹೊರಗಿಟ್ಟು ಒಳಗಿರಬೇಕು. ತಾನೇ ಕಡಿದು ತಿಂದರೆ ಉಳಿಯುತ್ತಾಳೆ. “ನೀವು ಕರುಣಾ ತೋರಿಸಿದ್ರ ಮತ್ತ ಬೆಳೀತಾವ. ಮುಂದಿನ ಸಲ ನನ್ನ ಕಡೆ ಆಗೂದಿಲ್ಲ.”

ಓದುವವರಿಗೆ ಸುಳ್ಳು ಆಸೆ ಹುಟ್ಟಿಸುವುದು ನನ್ನ ಸ್ವಭಾವವಲ್ಲ, ಈಗಲೇ ಹೇಳಿಬಿಡುತ್ತೇನೆ. ಬೀಗತಿ ಉಳಿಯಲಿಲ್ಲ. ಆರನೆಯ ದಿನ ಮುಂಜಾನೆ ಮಾವಿನಮರದ ಬುಡದಲ್ಲಿ ಸಿಕ್ಕಳು. ಮಿಕ್ಕವು ಕೂಡ ಒಂದೊಂದಾಗಿ ಕಡಿಮೆಯಾದವು. ಕೆಲವು ಎಲ್ಲಿಗೆ ಹೋದವೋ ಗೊತ್ತಿಲ್ಲ, ಕೆಲವು ಎಲ್ಲಿಗೆ ಹೋದವೆಂದು ಟೀಚರಬಾಯಿಯ ಬೆಕ್ಕಿಗೆ ಗೊತ್ತು. ಬಾಲ್ಕನಿಯಲ್ಲಿ ಹುಟ್ಟಿ ಬೆಳೆದ ಮರಿಗಳಿಗೆ ಶೇಂಗಾ ಕಾಯಿ ಎಂದರೆ ಒಳಗೆ ಕಾಳಿರುವ ವಸ್ತು ಎಂಬುದೇ ತಿಳಿದಿರಲಿಲ್ಲ. ಅದನ್ನು ಉರುಳಿಸಿ ಆಡಿ, ಬಿಟ್ಟು, ಗಾಜಿನ ಹತ್ತಿರ ಬಂದು ನಮ್ಮ ಮುಖ ನೋಡುತ್ತಿದ್ದವು.

ನಾನು ಹೇಳಬೇಕೆಂದಿರುವುದು ಐದನೆಯ ದಿನದ ಮಧ್ಯಾಹ್ನದ ವಿಷಯ. ಗೋವೆಯಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬರುವ ರೂಢಿ, ನಾನು ಬಂದಿದ್ದೆ. ಕಾಕಾ ಬಾಲ್ಕನಿಯ ಗಾಜಿನ ಬಾಗಿಲ ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಐದು ದಿನದಿಂದಲೂ ಅಲ್ಲೇ. ಹೊರಗೆ ಬೀಗತಿ.

ಅವಳು ಕಾಯಿ ಎತ್ತಿಕೊಂಡಳು. ತಿರುಗಿಸಿದಳು. ಹಲ್ಲು ಊರಿದಳು. ಜಾರಿತು. ಕಾಯಿ ಉರುಳಿ ನೀರಿನ ಕಿಂಡಿಯ ಹತ್ತಿರ ಹೋಯಿತು. ಹೋಗಿ ತಂದಳು. ಮತ್ತೆ ಊರಿದಳು, ಮತ್ತೆ ಜಾರಿತು. ಆಮೇಲೆ ಕಾಯಿ ಬಿಟ್ಟು ಬಂದು ಗಾಜಿನ ಮೇಲೆ ಎರಡೂ ಕೈಯಿಟ್ಟು ನಿಂತಳು. ನಾವು ಒಳಗಿದ್ದೇವೆಂದು ಅವಳಿಗೆ ಗೊತ್ತಿತ್ತು. ಬಾಗಿಲು ಯಾಕೆ ತೆರೆಯುತ್ತಿಲ್ಲ ಎಂಬುದಷ್ಟೇ ಗೊತ್ತಿರಲಿಲ್ಲ. ಒಡೆದು ಕೊಡದಿದ್ದರೆ ಇವತ್ತು ಸಾಯುತ್ತಾಳೆ. ಒಡೆದು ಕೊಟ್ಟರೆ ಇನ್ನೊಂದು ತಿಂಗಳಿಗೆ. ಇವೆರಡರಲ್ಲಿ ಯಾವುದಕ್ಕೆ ಚಿಂತಿಸಬೇಕೆಂದು ನಲವತ್ತೆಂಟು ವರ್ಷದ ಅನುಭವವಿದ್ದ ನನಗೂ ತಿಳಿಯಲಿಲ್ಲ.

ನನ್ನಿಂದ ನೋಡಲಾಗಲಿಲ್ಲ. ಅಡುಗೆಮನೆಗೆ ಹೋಗಿ ಒಂದು ಕಾಯಿ ಸುಲಿದು, ಕಾಳನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಬಂದು ಬಾಗಿಲ ಚಿಲಕಕ್ಕೆ ಕೈ ಹಾಕಿದೆ.

ಕಾಕಾ ನನ್ನ ಮಣಿಕಟ್ಟು ಹಿಡಿದರು.

“ಒಂದೇ ಒಂದು, ಕಾಕಾ.”

“ಬ್ಯಾಡ.”

“ಹಸಿದಾಳ್ರೀ ಆಕಿ!”

“ನನಗ ಕಾಣವಲ್ದೇನು?”

ಅವರು ಹಿಡಿತ ಸಡಿಲಿಸಲಿಲ್ಲ. ಗಾಜಿನ ಆಚೆ ಬೀಗತಿ ಕೈ ಕೆಳಗಿಳಿಸಿದಳು. ಕಾಯಿಯ ಹತ್ತಿರ ಹೋದಳು. ಬಹಳ ಹೊತ್ತು ಅದರ ಜೊತೆ ಹೆಣಗಾಡಿದಳು. ಸಿಪ್ಪೆಯ ತುದಿಯಿಂದ ಸಾಸಿವೆಯಷ್ಟು ದೊಡ್ಡ ಒಂದು ಚೂರು ಹಾರಿತು. ಅಷ್ಟೇ. ಆಮೇಲೆ ಒಡೆಯದ ಆ ಕಾಯಿಯನ್ನು ಹಾಗೆಯೇ ಬಾಯಲ್ಲಿ ಕಚ್ಚಿಕೊಂಡು ಪೈಪಿನ ಕಡೆ ನಡೆದಳು. ಕಾಕಾ ಬಾಗಿಲು ತೆರೆಯಲಿಲ್ಲ. ಕರೆಯಲಿಲ್ಲ. ಅವಳು ಕಣ್ಣಿಗೆ ಕಾಣುವವರೆಗೂ ಎದ್ದು ನಿಂತಿದ್ದರು, ಬೀಗರನ್ನು ಕಳಿಸಲು ಅಂಗಳದವರೆಗೆ ಬಂದವರ ಹಾಗೆ.

ಅವಳು ಹೋದ ಮೇಲೂ ಅವರು ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿಡಿದಿದ್ದೇನೆಂದು ನೆನಪಾದಂತೆ ನೋಡಿದರು.

“ಕೈ ಯಾಕೋ ಇಷ್ಟು ಬಿಸಿ? ಜ್ವರ ಬಂದಾವೇನು?”

ಜ್ವರವೇನೂ ಇರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಬಂದಿದ್ದೆ, ಅಷ್ಟೇ. ಆದರೂ ಇಲ್ಲ ಎನ್ನುವುದಕ್ಕೆ ಬಾಯಿ ಬರಲಿಲ್ಲ. ಕಾಕಾ ಇನ್ನೊಂದು ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ಐವತ್ತರ ಹತ್ತಿರದ, ಹೊಟ್ಟೆ ಬಂದ ಅಂಗಡಿಕಾರ ನಾನು, ಹಣೆ ಅವರ ಕೈಗೆ ನಿಲುಕಲೆಂದು ಸ್ವಲ್ಪ ಬಗ್ಗಿ ನಿಂತೆ.